ಒಂದು ಸುಟ್ಟರೆ ಸಾಲಿಗೆ ಸಾಲೇ ಸುಡುತ್ತದೆ! ಅಂಗಡಿ ಇನ್ವರ್ಟರಿನ ಒಳಗುಟ್ಟು

ಕೋಟೆ ಕಂದಕದ ದಂಡೆಯಿಂದ ಖಡೇಬಜಾರದವರೆಗೆ, ಗಣಪತಿ ಗಲ್ಲಿಯಿಂದ ಶಹಾಪುರದವರೆಗೆ, ಕರೆಂಟು ಹೋದ ಕೂಡಲೇ ಒಂದು ಸಪ್ಪಳ ಏಳುತ್ತದೆ. ಅಂಗಡಿ ಮೂಲೆಯಲ್ಲಿ ಕೂತ ಇನ್ವರ್ಟರಿನ ‘ಗುಂಯ್’ ಎನ್ನುವ ಸಪ್ಪಳ. ದೀಪ ಉರಿಯಿತು, ಫ್ಯಾನು ತಿರುಗಿತು, ವ್ಯಾಪಾರ ನಿಲ್ಲಲಿಲ್ಲ. ಸಾವಕಾರರಿಗೆ ಅಷ್ಟಾದರೆ ಸಾಕು. ಖಾನಾಪುರ ಕಡೆಯ ಮಾತಂತೂ ಕೇಳುವುದೇ ಬೇಡ. ಕಣಕುಂಬಿ, ಜಾಂಬೋಟಿ, ಲೋಂಡಾ ಭಾಗದಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಹರಿದರೆ, ಲೈನು ಸರಿಯಾಗುವ ತನಕ ಈ ಡಬ್ಬಿಯೇ ಗತಿ.

ಇಂಥ ಡಬ್ಬಿ ಒಂದು ಸಂಜೆ ‘ಗುಂಯ್’ ಅನ್ನುವ ಬದಲು ‘ಟಪ್’ ಅನ್ನುತ್ತದೆ. ಸುಟ್ಟ ವಾಸನೆ ಅಂಗಡಿ ತುಂಬುತ್ತದೆ. ಮರುದಿನ ಮಿಸ್ತ್ರಿ ಬಂದು ಮುಚ್ಚಳ ಬಿಚ್ಚಿದ ಮೇಲೆ ನಡೆಯುವ ಮಾತು ಎಲ್ಲ ಪೇಟೆಯಲ್ಲೂ ಒಂದೇ.

“ಟ್ರಾನ್ಸಿಸ್ಟರ್ ಹೋಗ್ಯಾವ್ರಿ, ಸಾವಕಾರ್ರ.”

“ಎಷ್ಟು ಹೋಗ್ಯಾವಪ್ಪಾ?”

“ಎಂಟರಾಗ ಆರು ಹೋಗ್ಯಾವ್ರಿ. ಉಳದ ಎರಡೂ ತಗದ ಬಿಡೂದ ಚಲೋ.”

“ಚಲೋ ಅದಾವಂತಿ, ಮತ್ತ ಯಾಕ ತಗೀತಿ? ಸುಟ್ಟವಷ್ಟ ಹಾಕು!”

ಮಿಸ್ತ್ರಿ ತಲೆ ಕೆರೆದುಕೊಂಡು ಆರು ಹೊಸವನ್ನು ಹಾಕುತ್ತಾನೆ. ಎಂಟು ದಿನ ಕಳೆಯುವುದರೊಳಗೆ ಮತ್ತೆ ‘ಟಪ್’. ಸಾವಕಾರರ ಲೆಕ್ಕದಲ್ಲಿ ಮಿಸ್ತ್ರಿ ಮೋಸಗಾರ. ಮಿಸ್ತ್ರಿಯ ಲೆಕ್ಕದಲ್ಲಿ ಸಾವಕಾರರು ಜಿಪುಣರು. ನಿಜವಾದ ಕಾರಣ ಇಬ್ಬರ ನಡುವೆ, ಆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸಾಲಾಗಿ ಕೂತಿರುತ್ತದೆ. ಇಬ್ಬರೂ ಅದನ್ನು ತಿಳಿದುಕೊಂಡರೆ ಜಗಳವೂ ಉಳಿದೀತು, ದುಡ್ಡೂ ಉಳಿದೀತು.

ಐವತ್ತು ಆಂಪಿಯರಿನ ಲೆಕ್ಕ

ಇನ್ವರ್ಟರಿನ ಕೆಲಸ ಕೇಳಲು ಸುಲಭ. ಬ್ಯಾಟರಿಯ 12 ವೋಲ್ಟನ್ನು ಅಂಗಡಿಗೆ ಬೇಕಾದ 230 ವೋಲ್ಟು ಮಾಡುವುದು. ಆದರೆ ವೋಲ್ಟು ಕಡಿಮೆಯಾದಷ್ಟೂ ಕರೆಂಟು ಹೆಚ್ಚು ಬೇಕು. 600 ವ್ಯಾಟಿನ ಲೋಡು ಇದೆ ಎನ್ನಿ. 230 ವೋಲ್ಟಿನ ಕಡೆ ಅದು ಮೂರು ಆಂಪಿಯರನ್ನೂ ಮುಟ್ಟುವುದಿಲ್ಲ. ಅದೇ ಬ್ಯಾಟರಿಯ ಕಡೆ 600ನ್ನು 12ರಿಂದ ಭಾಗಿಸಿ ನೋಡಿ, 50 ಆಂಪಿಯರ್! ಗೋಡೆಯ ಮೇಲಿನ ದೊಡ್ಡ ಪ್ಲಗ್ಗಿನ ತಾಕತ್ತೇ 15-16 ಆಂಪಿಯರ್. ಅಂಥ ಮೂರು ಪ್ಲಗ್ಗಿನ ಹೊರೆ ಒಂದು ಚಿಕ್ಕ ಬೋರ್ಡಿನ ಮೇಲೆ ಬೀಳುತ್ತದೆ.

ಈ ಹೊರೆಯನ್ನು ಆನ್-ಆಫ್ ಮಾಡುವವನೇ ಟ್ರಾನ್ಸಿಸ್ಟರ್. ಈಗಿನ ಇನ್ವರ್ಟರುಗಳಲ್ಲಿ ಇರುವುದು ಮಾಸ್‌ಫೆಟ್ ಜಾತಿಯದು. ಪೇಟೆಯಲ್ಲಿ ಸುಲಭವಾಗಿ ಸಿಗುವ ಐಆರ್‌ಎಫ್ 3205 ಎಂಬುದನ್ನೇ ತಗೊಳ್ಳಿ. ಕಾಗದದ ಮೇಲೆ ಅದರ ತಾಕತ್ತು 110 ಆಂಪಿಯರ್. ಆದರೆ ಆ ಲೆಕ್ಕ ಅದರ ಮೈ 25 ಡಿಗ್ರಿಯಲ್ಲೇ ತಣ್ಣಗಿದ್ದಾಗಿನದು. ಮುಚ್ಚಿದ ಡಬ್ಬಿಯಲ್ಲಿ, ಧೂಳು ತಿಂದ ಫ್ಯಾನಿನ ಮುಂದೆ, ಆ ಮಾತು ನಡೆಯುವುದಿಲ್ಲ.

ಅದಕ್ಕೇ ಒಂದರ ಬದಲು ನಾಲ್ಕನ್ನು ಅಕ್ಕಪಕ್ಕ ಜೋಡಿಸುತ್ತಾರೆ. ಇದೇ ‘ಪ್ಯಾರಲಲ್’ ಜೋಡಣೆ. ಇದರ ಲಾಭ ಎಂಥದು ನೋಡಿ. ತಣ್ಣಗಿರುವಾಗ ಈ ಟ್ರಾನ್ಸಿಸ್ಟರಿನ ಒಳತಡೆ ಒಂದು ಓಮಿನ ಸಾವಿರದಲ್ಲಿ ಎಂಟು ಪಾಲು. ಒಂದೇ ಟ್ರಾನ್ಸಿಸ್ಟರು 50 ಆಂಪಿಯರ್ ಹೊತ್ತರೆ 20 ವ್ಯಾಟ್ ಬರೇ ಶಾಖವಾಗಿ ಹೋಗುತ್ತದೆ. ನಾಲ್ಕು ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೆ ಹನ್ನೆರಡೂವರೆ ಆಂಪಿಯರ್. ಶಾಖ ಒಂದೊಂದರಲ್ಲಿ ಒಂದೂಕಾಲು ವ್ಯಾಟ್, ನಾಲ್ಕೂ ಸೇರಿ ಐದೇ ವ್ಯಾಟ್! ಇಂಥ ನಾಲ್ಕರ ಎರಡು ದಂಡು ಸರದಿಯ ಮೇಲೆ ದುಡಿಯುತ್ತವೆ. ಮಿಸ್ತ್ರಿ ಎಣಿಸಿದ ಎಂಟು ಇವೇ.

ಆದರೆ ಈ ಲೆಕ್ಕದಲ್ಲಿ ಒಂದು ಮಾತು ಅಡಗಿದೆ: ‘ಸಮನಾಗಿ ಹಂಚಿಕೊಂಡರೆ’.

ಪಲ್ಲಕ್ಕಿಯ ನ್ಯಾಯ

ಜಾತ್ರೆಯಲ್ಲಿ ಪಲ್ಲಕ್ಕಿ ಹೊತ್ತವರನ್ನು ಕೇಳಿ. ನಡೆಯುವಾಗ ನಾಲ್ವರ ಹೆಗಲ ಮೇಲೂ ಭಾರ ಒಂದೇ ತೆರನಾಗಿರುತ್ತದೆ. ಕಷ್ಟವೆಲ್ಲ ಎತ್ತುವ ಗಳಿಗೆ ಮತ್ತು ಇಳಿಸುವ ಗಳಿಗೆಯಲ್ಲಿ. ಮೊದಲು ಎತ್ತಿದವನ ಹೆಗಲಿಗೆ ಇಡೀ ಭಾರ. ಕೊನೆಗೆ ಇಳಿಸಿದವನ ಹೆಗಲಿಗೂ ಇಡೀ ಭಾರ.

ಟ್ರಾನ್ಸಿಸ್ಟರಿನ ಸಾಲಿನದೂ ಇದೇ ಕತೆ. ಹಿಂದಿನ ಕಾಲದಲ್ಲಿ 2ಎನ್3055 ಎಂಬ ಟೊಪ್ಪಿಗೆಯಂಥ ಲೋಹದ ಟ್ರಾನ್ಸಿಸ್ಟರು ರೇಡಿಯೋ ಮಿಸ್ತ್ರಿಗಳ ಆಸ್ತಿಯಾಗಿತ್ತು. 15 ಆಂಪಿಯರ್, 60 ವೋಲ್ಟಿನ ಆಸಾಮಿ. ಅದರ ಗುಣವೊಂದು ಕೆಟ್ಟದ್ದು. ಬಿಸಿಯಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಇನ್ನೂ ಬಿಸಿಯಾಗುತ್ತದೆ. ಸಾಲಿನಲ್ಲಿ ಒಂದು ಹೀಗೆ ಹುಚ್ಚೆದ್ದರೆ ಉಳಿದವು ಸುಮ್ಮನೆ ಕೂತು ನೋಡುತ್ತವೆ. ಇದನ್ನು ಹದ್ದಿನಲ್ಲಿಡಲು ಒಂದೊಂದರ ಕಾಲಿಗೂ ಒಂದೊಂದು ಬಿಳಿ ಸಿಮೆಂಟ್ ರೆಸಿಸ್ಟರ್ ಕಟ್ಟುತ್ತಿದ್ದರು.

ಮಾಸ್‌ಫೆಟ್ ಸ್ವಭಾವ ಬೇರೆ. ಬಿಸಿಯಾದರೆ ಅದರ ಒಳತಡೆ ಏರುತ್ತದೆ, ತಾನೇ ಹಿಂದೆ ಸರಿದು ಪಕ್ಕದವನಿಗೆ ದಾರಿ ಬಿಡುತ್ತದೆ. ‘ಹಂಗಾದ್ರ ಎಷ್ಟ ಬೇಕಾದಷ್ಟು ಜೋಡಸ್ರಿ’ ಎಂದು ಹೇಳುವವರು ಇದನ್ನು ನಂಬಿಯೇ ಹೇಳುವುದು. ಆದರೆ ಇದು ನಡೆಯುವಾಗಿನ ಮಾತು. ಎತ್ತುವಾಗ, ಇಳಿಸುವಾಗ ಈ ಸಜ್ಜನಿಕೆ ಇರುವುದಿಲ್ಲ. ಪ್ರತಿಯೊಂದು ಮಾಸ್‌ಫೆಟ್ಟಿಗೂ ಎಚ್ಚರವಾಗುವ ಒಂದು ವೋಲ್ಟೇಜಿದೆ. ಒಂದೇ ನಂಬರಿನ ಎರಡು ಮಾಲಿನಲ್ಲೂ ಅದು ಒಂದೇ ಇರುವುದಿಲ್ಲ. ಸಾಲದ್ದಕ್ಕೆ, ಬಿಸಿಯಾದಂತೆ ಅದು ಕೆಳಗಿಳಿಯುತ್ತದೆ. ಎಂದರೆ ಬಿಸಿಯಾದವನೇ ಎಲ್ಲರಿಗಿಂತ ಮೊದಲು ಏಳುತ್ತಾನೆ, ಎಲ್ಲರಿಗಿಂತ ಕೊನೆಗೆ ಮಲಗುತ್ತಾನೆ. ಎರಡೂ ಸಲ ಇಡೀ ಪಲ್ಲಕ್ಕಿ ಅವನ ಮೇಲೆ. ಇನ್ನಷ್ಟು ಬಿಸಿ, ಇನ್ನಷ್ಟು ಅವಸರ, ಕೊನೆಗೆ ‘ಟಪ್’.

ಸಾಯುವಾಗಲೂ ಅವನು ಸುಮ್ಮನೆ ಸಾಯುವುದಿಲ್ಲ. ಸುಟ್ಟ ಮಾಸ್‌ಫೆಟ್ ಸಾಮಾನ್ಯವಾಗಿ ಶಾರ್ಟ್ ಆಗಿ ಕೂಡುತ್ತದೆ. ದಂಡಿನ ಆ ಬದಿ ಸದಾ ಆನ್ ಆಗಿ ಉಳಿಯುತ್ತದೆ, ಬ್ಯಾಟರಿಯ ಇಡೀ ಬಲ ಒಳಗೆ ನುಗ್ಗುತ್ತದೆ. ಫ್ಯೂಜು ಹಾರುವುದರೊಳಗೆ ಜೊತೆಗಿದ್ದವೂ ಹೋಗಿರುತ್ತವೆ. ಉಳಿದ ಎರಡು ಮೀಟರಿಗೆ ‘ಚಲೋ’ ಎಂದು ತೋರಿಸಿದರೂ ಒಳಗೆ ಪೆಟ್ಟು ತಿಂದಿರಬಹುದು. ಹೊಸ ಆರರ ಜೊತೆ ಅವುಗಳ ತಾಳ ಕೂಡುವುದಿಲ್ಲ. ಎಂಟು ದಿನಕ್ಕೆ ಮತ್ತೆ ಸುಡುವುದಕ್ಕೆ ಇದು ಒಂದು ದೊಡ್ಡ ಕಾರಣ. ಆ ಮಟ್ಟಿಗೆ ಮಿಸ್ತ್ರಿಯ ಮಾತು ಸುಳ್ಳಲ್ಲ.

ಓಡುವ ಬಸ್ಸಿನಿಂದ ಇಳಿಯುವುದು

ಈ ಎತ್ತುವ-ಇಳಿಸುವ ಗಳಿಗೆ ಯಾಕೆ ಇಷ್ಟು ಅಪಾಯ? ಕೋಟೆ ಪಕ್ಕದ ಸೆಂಟ್ರಲ್ ಬಸ್ ಸ್ಟ್ಯಾಂಡಿಗೆ ದಿನಾ ಬಂದು ಹೋಗುವವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಿಂತ ಬಸ್ಸಿನಿಂದ ಮುದುಕರೂ ಇಳಿಯುತ್ತಾರೆ. ಓಡುವ ಬಸ್ಸಿನಿಂದ ಇಳಿಯಲು ಹೋದರೆ ಪೈಲ್ವಾನನ ಕಾಲೂ ಮುರಿಯುತ್ತದೆ.

ಟ್ರಾನ್ಸಿಸ್ಟರು ಪೂರ್ತಿ ಆನ್ ಇದ್ದಾಗ ಕರೆಂಟು ಭರ್ತಿ, ಮೈಮೇಲಿನ ವೋಲ್ಟೇಜು ಬಹಳ ಕಡಿಮೆ. ಪೂರ್ತಿ ಆಫ್ ಇದ್ದಾಗ ವೋಲ್ಟೇಜು ಭರ್ತಿ, ಕರೆಂಟು ಇಲ್ಲ. ಎರಡೂ ಹೊತ್ತಿನಲ್ಲಿ ಶಾಖ ಕಡಿಮೆ. ನಡುವಿನ ಕ್ಷಣದಲ್ಲಿ ಮಾತ್ರ ವೋಲ್ಟೇಜೂ ಇದೆ, ಕರೆಂಟೂ ಇದೆ. ಓಡುವ ಬಸ್ಸಿನ ಕ್ಷಣ ಅದೇ.

ಲೆಕ್ಕ ಹಾಕಿ ನೋಡಿ. 230 ವೋಲ್ಟಿನ ಲೈನನ್ನು ಡಿಸಿ ಮಾಡಿದರೆ ಸುಮಾರು 300 ವೋಲ್ಟು ಬರುತ್ತದೆ. ಚಾರ್ಜರು, ದೊಡ್ಡ ಯುಪಿಎಸ್‌ಗಳ ಒಳಗೆ ಇರುವುದು ಇದೇ. 300 ವೋಲ್ಟು, 10 ಆಂಪಿಯರ್ ಎಂದರೆ 3000 ವ್ಯಾಟ್. ಏರಿಳಿತದ ಸರಾಸರಿ ಹಿಡಿದರೆ 1500 ವ್ಯಾಟ್. ಈ ತಾಕಲಾಟ ಆನ್ ಮತ್ತು ಆಫ್ ಸೇರಿ ಒಂದು ಸೆಕೆಂಡಿನ 50 ಲಕ್ಷದಲ್ಲಿ ಒಂದು ಪಾಲಷ್ಟೇ ಹೊತ್ತು ಇರುತ್ತದೆ ಎನ್ನಿ. ಸೆಕೆಂಡಿಗೆ 50 ಸಲ ಆನ್-ಆಫ್ ಆದರೆ ಒಂದು ವ್ಯಾಟಿನ ನೂರನೇ ಪಾಲಿಗಿಂತ ತುಸು ಹೆಚ್ಚು ನಷ್ಟ, ಲೆಕ್ಕಕ್ಕೇ ಇಲ್ಲ. ಅದೇ ಸೆಕೆಂಡಿಗೆ 50 ಸಾವಿರ ಸಲವಾದರೆ 15 ವ್ಯಾಟ್. ಒಂದು ಲಕ್ಷ ಸಲವಾದರೆ 30 ವ್ಯಾಟ್! ಮಿಸ್ತ್ರಿಯ ಸಾಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅದು ಸೀಸ ಕರಗಿಸುತ್ತದೆ.

ಅಷ್ಟು ಸಲ ಆನ್-ಆಫ್ ಮಾಡುವ ಹಟ ಯಾಕೆ? ತೂಕಕ್ಕಾಗಿ. 50 ಆವರ್ತನಕ್ಕೆ ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯ ಇನ್ವರ್ಟರ್ ಎತ್ತಲು ಇಬ್ಬರು ಬೇಕಾಗುವುದು ಅದರಿಂದಲೇ. ಆವರ್ತನ ಸಾವಿರಗಟ್ಟಲೆ ಏರಿಸಿದರೆ ಅದೇ ಕೆಲಸವನ್ನು ಮುಷ್ಟಿಯಲ್ಲಿ ಹಿಡಿಯುವಷ್ಟು ಫೆರೈಟ್ ತುಂಡು ಮಾಡುತ್ತದೆ. ಮೊಬೈಲು ಚಾರ್ಜರು ಕಿಸೆಯಲ್ಲಿ ಹಿಡಿಸುವುದೂ ಇದೇ ಉಪಾಯದಿಂದ. ತೂಕ ಇಳಿಸಲು ಹೋದರೆ ಶಾಖ ಏರುತ್ತದೆ, ಶಾಖ ಇಳಿಸಲು ಹೋದರೆ ತೂಕ ಏರುತ್ತದೆ. ಎಂಜಿನಿಯರುಗಳು ಬಹಳ ವರ್ಷ ಈ ಇಕ್ಕಟ್ಟಿನಲ್ಲಿದ್ದರು.

ಪಂಚಮಿಯ ಜೋಕಾಲಿ

ಇದಕ್ಕೆ ಕಂಡುಕೊಂಡ ದಾರಿಯೇ ‘ಸಾಫ್ಟ್ ಸ್ವಿಚಿಂಗ್’. ಹೆಸರು ಇಂಗ್ಲಿಷಿನದಾದರೂ ಉಪಾಯ ನಮ್ಮ ಕಡೆಯ ಹುಡುಗಿಯರಿಗೆಲ್ಲ ಗೊತ್ತಿದ್ದದ್ದು. ನಾಗರಪಂಚಮಿಗೆ ಜೋಕಾಲಿ ಆಡುವವರು ನಡುದಾರಿಯಲ್ಲಿ ಜಿಗಿಯುವುದಿಲ್ಲ, ಅಲ್ಲಿ ವೇಗ ಹೆಚ್ಚು. ಜೋಕಾಲಿ ತುದಿ ಮುಟ್ಟಿ ಅರೆಗಳಿಗೆ ನಿಂತಂತಾಗುತ್ತದಲ್ಲ, ಇಳಿಯುವ ಕಾಲ ಅದು.

ಒಂದು ಕಾಯಿಲ್, ಒಂದು ಕೆಪಾಸಿಟರ್ ಜೋಡಿಸಿದರೆ ಕರೆಂಟಿಗೂ ಇಂಥ ಜೋಕಾಲಿ ಸಿಗುತ್ತದೆ. ಶಕ್ತಿ ಕಾಯಿಲಿನಿಂದ ಕೆಪಾಸಿಟರಿಗೆ, ಕೆಪಾಸಿಟರಿನಿಂದ ಕಾಯಿಲಿಗೆ ತೂಗುತ್ತದೆ. ಹೀಗೆ ತೂಗುವಾಗ ಟ್ರಾನ್ಸಿಸ್ಟರಿನ ಮೇಲಿನ ವೋಲ್ಟೇಜು ಒಂದು ಕ್ಷಣ ಸೊನ್ನೆಗೆ ಬರುವಂತೆ ಹೊಂದಿಸಬಹುದು. ಆಗ ಆನ್ ಮಾಡಿದರೆ ತಾಕಲಾಟವೇ ಇಲ್ಲ. ಇದು ಸೊನ್ನೆ ವೋಲ್ಟೇಜಿನ ದಾರಿ. ಇನ್ನೊಂದು, ಕರೆಂಟು ಸೊನ್ನೆಗೆ ಬಂದಾಗ ಆಫ್ ಮಾಡುವುದು. ಮಾಸ್‌ಫೆಟ್ಟಿಗೆ ಮೊದಲನೆಯದು ಹೆಚ್ಚು ಒಗ್ಗುತ್ತದೆ. ಆಫ್ ಆದ ಮೇಲೂ ಕರೆಂಟಿನ ಬಾಲ ಎಳೆಯುವ ಐಜಿಬಿಟಿ ಎಂಬ ಜಾತಿಗೆ ಎರಡನೆಯದು ಬಹಳ ಅನುಕೂಲ.

ಸಾಲಿನ ಟ್ರಾನ್ಸಿಸ್ಟರುಗಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಮೈಮೇಲೆ ವೋಲ್ಟೇಜೇ ಇಲ್ಲದಾಗ ಆನ್ ಆದರೆ, ಯಾರು ಮೊದಲು ಎದ್ದರು ಎಂಬ ಪ್ರಶ್ನೆಯೇ ಬರುವುದಿಲ್ಲ. ಖಾಲಿ ಪಲ್ಲಕ್ಕಿಯನ್ನು ಮೊದಲು ಯಾರು ಎತ್ತಿದರೇನು? ಆಫ್ ಆಗುವಾಗ ಟ್ರಾನ್ಸಿಸ್ಟರಿನ ಅಡ್ಡಕ್ಕಿರುವ ಕೆಪಾಸಿಟರು ಕರೆಂಟನ್ನು ತನ್ನ ಕಡೆ ತಿರುಗಿಸಿಕೊಂಡು ವೋಲ್ಟೇಜು ನಿಧಾನಕ್ಕೆ ಏರುವಂತೆ ನೋಡಿಕೊಳ್ಳುತ್ತದೆ. ಕೊನೆಗೆ ಮಲಗುವವನ ಮೇಲೆ ಕರೆಂಟು ಬಂದರೂ ವೋಲ್ಟೇಜು ಇನ್ನೂ ಕಡಿಮೆ ಇರುವುದರಿಂದ ಶಾಖ ಕಡಿಮೆ.

ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ 1980ರ ದಶಕದಲ್ಲಿ. ಅಮೆರಿಕದ ವರ್ಜೀನಿಯಾದಲ್ಲಿ ಫ್ರೆಡ್ ಲೀ ಅವರ ತಂಡ ಚಿಕ್ಕ ಪವರ್ ಸಪ್ಲೈಗಳಿಗೆ ಇದನ್ನು ಒಗ್ಗಿಸಿತು. ಕಾನ್ಪುರ ಐಐಟಿಯಲ್ಲಿ ಓದಿ ಹೋದ ದೀಪಕ್ ದಿವಾನ್ ಅವರು 1986ರಲ್ಲಿ ದೊಡ್ಡ ಇನ್ವರ್ಟರುಗಳಿಗೆ ಇದೇ ತತ್ವದ ಹೊಸ ಸರ್ಕ್ಯೂಟು ತೋರಿಸಿದರು. ಐಜಿಬಿಟಿಯನ್ನು ಅದೇ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರಲ್ಲಿ ಮುಖ್ಯರು ಬಿ. ಜಯಂತ ಬಾಳಿಗಾ. ಬೆಂಗಳೂರಿನಲ್ಲಿ ಶಾಲೆ ಕಲಿತವರು, ಹೆಸರಿನ ಮೊದಲಿಗೇ ಬಂಟ್ವಾಳ ಇರುವವರು. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು.

ಉದ್ಯಮಬಾಗದ ಕುಲುಮೆ, ಮನೆಯ ಒಲೆ

ದೂರದ ಮಾತು ಸಾಕು. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸುವ ಇಂಡಕ್ಷನ್ ಕುಲುಮೆ ನೋಡಿದವರು ಈ ಜೋಕಾಲಿಯನ್ನು ಕಣ್ಣಾರೆ ನೋಡಿದ್ದಾರೆ. ಕುಲುಮೆಯ ಸುತ್ತಲಿನ ನೀರು ಹರಿಯುವ ತಾಮ್ರದ ಕೊಳವೆಯೇ ಕಾಯಿಲ್. ಪಕ್ಕದ ಕೋಣೆಯಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳೇ ಕೆಪಾಸಿಟರ್. ಅಂಥ ಕುಲುಮೆಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದ ಥೈರಿಸ್ಟರಿಗೆ ಒಂದು ವಿಚಿತ್ರ ಗುಣವಿದೆ. ಆನ್ ಮಾಡಬಹುದು, ಹೇಳಿದಾಗ ಆಫ್ ಆಗುವುದಿಲ್ಲ. ಕರೆಂಟು ತಾನಾಗಿ ಸೊನ್ನೆಗೆ ಬರಬೇಕು. ಅದನ್ನು ಸೊನ್ನೆಗೆ ತರುವುದು ಇದೇ ಕಾಯಿಲ್-ಕೆಪಾಸಿಟರಿನ ತೂಗಾಟ. ‘ಸಾಫ್ಟ್ ಸ್ವಿಚಿಂಗ್’ ಎಂಬ ಮಾತು ಪುಸ್ತಕದಲ್ಲಿ ಬರುವ ಮೊದಲೇ ಕುಲುಮೆಗಳು ಈ ಹಾದಿಯಲ್ಲಿದ್ದವು.

ಮನೆಯ ಇಂಡಕ್ಷನ್ ಒಲೆ ಇದರ ಮರಿ. ಅದರೊಳಗೆ ಸಾಮಾನ್ಯವಾಗಿ ಒಂದೇ ಐಜಿಬಿಟಿ, ಒಂದು ಚಪ್ಪಟೆ ಕಾಯಿಲ್, 0.3 ಮೈಕ್ರೋಫ್ಯಾರಡ್ ಆಸುಪಾಸಿನ ಒಂದು ಕೆಪಾಸಿಟರ್. ಸೆಕೆಂಡಿಗೆ 20-30 ಸಾವಿರ ಸಲ ತೂಗಾಟ. ವೋಲ್ಟೇಜು ತಳ ಮುಟ್ಟಿದಾಗಲೇ ಐಜಿಬಿಟಿ ಆನ್ ಆಗಬೇಕು. ಆ ಕೆಪಾಸಿಟರು ಹಳತಾಗಿ ಸೊರಗಿದರೆ ತಾಳ ತಪ್ಪುತ್ತದೆ, ವೋಲ್ಟೇಜು ಮಿತಿ ಮೀರಿ ಏರುತ್ತದೆ, ಐಜಿಬಿಟಿ ಹಾರುತ್ತದೆ. ಆ ಕೆಪಾಸಿಟರ್ ಅಳೆಯದೆ ಬರೇ ಐಜಿಬಿಟಿ ಬದಲಿಸಿದ ಒಲೆ ಮರಳಿ ರಿಪೇರಿಗೆ ಬಂದರೆ ಆಶ್ಚರ್ಯವಿಲ್ಲ.

ಪುಕ್ಕಟೆ ಏನೂ ಇಲ್ಲ

‘ಹಂಗಾದ್ರ ಎಲ್ಲಾ ಇನ್ವರ್ಟರಿಗೂ ಇದನ್ನ ಹಾಕಿಬಿಡ್ರಿ’ ಎನ್ನಬಹುದು. ಅಷ್ಟು ಸರಳವಿಲ್ಲ. ಹೆಚ್ಚಿನ ಕಾಯಿಲ್, ಹೆಚ್ಚಿನ ಕೆಪಾಸಿಟರ್, ಕಾಲ ನೋಡಿ ಆನ್ ಮಾಡುವ ಬುದ್ಧಿವಂತ ಚಿಪ್ ಬೇಕು. ತೂಗಾಟದ ಕರೆಂಟಿಗೆ ತನ್ನದೇ ಒಂದಷ್ಟು ನಷ್ಟವಿದೆ. ಲೋಡು ತೀರ ಕಡಿಮೆಯಾದರೆ ಕೆಲವು ಸರ್ಕ್ಯೂಟುಗಳಲ್ಲಿ ಕಾಯಿಲಿನ ಬಲ ಸಾಲದೆ ವೋಲ್ಟೇಜು ಸೊನ್ನೆಗೆ ಇಳಿಯುವುದೇ ಇಲ್ಲ, ಜೋಕಾಲಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲದೆ ಪುಸ್ತಕ ಓದಿದ ಕೆಲವರು ಸಾದಾ ಇನ್ವರ್ಟರಿನ ಟ್ರಾನ್ಸಿಸ್ಟರಿಗೆ ಸುಮ್ಮನೆ ಒಂದು ದೊಡ್ಡ ಕೆಪಾಸಿಟರ್ ಅಂಟಿಸುತ್ತಾರೆ. ಅದು ತಪ್ಪು. ತೂಗಾಟ ಇಲ್ಲದಿದ್ದರೆ ಆ ಕೆಪಾಸಿಟರಿನಲ್ಲಿ ತುಂಬಿದ್ದೆಲ್ಲ ಆನ್ ಆಗುವಾಗ ಟ್ರಾನ್ಸಿಸ್ಟರಿನ ಹೊಟ್ಟೆಗೇ ಹೋಗುತ್ತದೆ.

ಅಂಗಡಿಗಳ ಭಾರದ ಟ್ರಾನ್ಸ್‌ಫಾರ್ಮರ್ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ. ಟಿವಿಯ ಪವರ್ ಸಪ್ಲೈ, ಬ್ಯಾಟರಿ ಗಾಡಿಗಳ ಚಾರ್ಜರು, ಕಂಪ್ಯೂಟರ್ ಕೋಣೆಗಳ ದೊಡ್ಡ ಸಪ್ಲೈಗಳಲ್ಲಿ ಅದು ಈಗ ಬಳಕೆಯ ವಿದ್ಯೆ. ಹಾಗೆಂದು ಎಲ್ಲೆಡೆಯೂ ಅದೇ ಬೇಕೆಂದಿಲ್ಲ. 2025ರ ಆಗಸ್ಟ್ 10ರಂದು ಬೆಂಗಳೂರು-ಬೆಳಗಾವಿ ನಡುವೆ ಶುರುವಾದ ವಂದೇ ಭಾರತ್ ರೈಲಿನ ಮೋಟಾರುಗಳನ್ನು ಓಡಿಸುವುದೂ ಐಜಿಬಿಟಿ ಕನ್ವರ್ಟರೇ. ರೈಲಿನ ಮೋಟಾರಿಗೆ ಸೆಕೆಂಡಿಗೆ ಲಕ್ಷ ಸಲ ಆನ್-ಆಫ್ ಬೇಕಿಲ್ಲ. ಕೆಲಸ ನೋಡಿ ಉಪಾಯ.

ಸಾವಕಾರರು ಕೇಳಬೇಕಾದ ಮಾತು

ಸಾಫ್ಟ್ ಸ್ವಿಚಿಂಗ್ ಇಲ್ಲದ ಡಬ್ಬಿ ನಿಮ್ಮಲ್ಲಿದ್ದರೆ, ಸಾಲು ಉಳಿಯುವುದು ರಿಪೇರಿಯ ಶಿಸ್ತಿನಿಂದ. ಮಿಸ್ತ್ರಿಯನ್ನು ಬಯ್ಯುವ ಮೊದಲು ನಾಲ್ಕು ಮಾತು ಕೇಳಿ.

ಒಂದು: ಸಾಲಿನ ಎಲ್ಲವನ್ನೂ ಬದಲಿಸಿದ್ದಾನೆಯೇ? ಹೊಸವೆಲ್ಲ ಒಂದೇ ಕಂಪನಿಯವೇ, ಒಂದೇ ಲಾಟಿನವೇ? ಒಂದೊಂದರ ಬೆಲೆ ಸಾಮಾನ್ಯವಾಗಿ ನೂರು ರೂಪಾಯಿ ಒಳಗಿನದು. ಎರಡು ಉಳಿಸಲು ಹೋಗಿ ಎಂಟೂ ಕಳೆದುಕೊಳ್ಳುವುದು ಯಾವ ವ್ಯಾಪಾರ? ಸುಟ್ಟ ಹಳೆಯವನ್ನು ಕೈಗೆ ಕೊಡಲು ಹೇಳಿ. ಆಗ ಅನುಮಾನಕ್ಕೂ ಜಾಗವಿಲ್ಲ.

ಎರಡು: ಒಂದೊಂದು ಗೇಟಿಗೂ ಬೇರೆ ಬೇರೆ ಇರುವ ಚಿಕ್ಕ ರೆಸಿಸ್ಟರುಗಳನ್ನೂ, ಅವುಗಳ ಹಿಂದಿನ ಡ್ರೈವರ್ ಭಾಗವನ್ನೂ ಪರೀಕ್ಷಿಸಿದನೇ? ಟ್ರಾನ್ಸಿಸ್ಟರು ಸುಡುವಾಗ ಇವೂ ಸುಡುತ್ತವೆ. ಇವು ಸರಿಯಿಲ್ಲದಿದ್ದರೆ ಹೊಸ ಸಾಲೂ ಒಟ್ಟಿಗೆ ಏಳುವುದಿಲ್ಲ, ಒಟ್ಟಿಗೆ ಮಲಗುವುದಿಲ್ಲ.

ಮೂರು: ಎಲ್ಲವೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಬಿಗಿಯಾಗಿ ಕೂತಿವೆಯೇ? ಬಿಳಿ ಪೇಸ್ಟು ಹಚ್ಚಿದೆಯೇ? ಫ್ಯಾನು ತಿರುಗುತ್ತದೆಯೇ? ಸಾಲಿನಲ್ಲಿ ಒಂದರ ಸ್ಕ್ರೂ ಸಡಿಲವಿದ್ದರೆ ಮೊದಲು ಬಿಸಿಯಾಗುವುದು ಅದೇ.

ನಾಲ್ಕು: ಬ್ಯಾಟರಿಯ ವೈರುಗಳು ದಪ್ಪ ಇವೆಯೇ, ಗಿಡ್ಡ ಇವೆಯೇ, ತುದಿಗೆ ಬಿಳಿ ಬೂಷ್ಟು ಹಿಡಿದಿದೆಯೇ? 50 ಆಂಪಿಯರಿಗೆ ಸಡಿಲ ನಟ್ಟು ಕೂಡ ಒಲೆಯಾಗುತ್ತದೆ.

ಖಾನಾಪುರ, ಲೋಂಡಾ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದ ತಂಪಿಗೆ ಬೋರ್ಡಿನ ಮೇಲೆ ತೇವ ಕೂಡುತ್ತದೆ. ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆ, ಹಲ್ಲಿ ಒಳಗೆ ಸೇರುತ್ತವೆ. ಒಂದು ಹಲ್ಲಿ ಸಾಕು, ಇಡೀ ಸಾಲನ್ನು ಶಾರ್ಟ್ ಮಾಡಲು. ಡಬ್ಬಿಯನ್ನು ನೆಲದಿಂದ ಎತ್ತರಕ್ಕಿಡಿ, ಗಾಳಿ ಆಡಲು ಬಿಡಿ, ಗಾಳಿಕಿಂಡಿಗಳಿಗೆ ಸೊಳ್ಳೆ ಪರದೆಯಂಥ ತೆಳು ತಂತಿಜಾಲರಿ ಹಾಕಿಸಿ. ಮುಚ್ಚಳ ಮಾತ್ರ ಸ್ವಂತಕ್ಕೆ ಬಿಚ್ಚಬೇಡಿ. ಸ್ವಿಚ್ಚು ತೆಗೆದ ಮೇಲೂ ಒಲೆ, ಯುಪಿಎಸ್‌ಗಳ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ.

ಮೆಡಿಕಲ್ ಸ್ಟೋರಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯೂ ಬಿಲ್ಲಿನ ಮಶೀನೂ ಕರೆಂಟಿನ ಮೇಲೆಯೇ ನಿಂತಿವೆ. ಕರೆಂಟು ಹೋದ ರಾತ್ರಿ ಅವೆಲ್ಲದರ ಭಾರ ಹೊರುವುದು ಹೆಬ್ಬೆರಳಿನಗಲದ ಎಂಟು ತುಂಡುಗಳು. ಮುಂದಿನ ಸಲ ಮಿಸ್ತ್ರಿ “ಎಲ್ಲಾ ಬದಲಿ ಮಾಡೂಣ್ರಿ” ಎಂದರೆ, ಚೌಕಾಸಿ ಬೇಕಾದರೆ ಅವನ ಮಜೂರಿಯಲ್ಲಿ ಮಾಡಿ. ಟ್ರಾನ್ಸಿಸ್ಟರಿನ ಎಣಿಕೆಯಲ್ಲಿ ಮಾಡಬೇಡಿ.